ಪವಾಡಗಳ ವಿರಳತೆ: ಕ್ರೈಸ್ತ ನಂಬಿಕೆಯ ಒಂದು ಹಳೆಯ ಪ್ರಶ್ನೆ

ಯೇಸು ಮತ್ತು ಅಪೊಸ್ತಲರ ಕಾಲದಲ್ಲಿ ಹೇರಳವಾಗಿ ನಡೆದವೆಂದು ಬೈಬಲ್ ಹೇಳುವ ಪವಾಡಗಳು ಆಮೇಲೆ ಯಾಕೆ ಅಪರೂಪವಾದವು? ಕ್ರೈಸ್ತ ದೇವಶಾಸ್ತ್ರದಲ್ಲಿ ಮತ್ತೆ ಮತ್ತೆ ತಲೆಯೆತ್ತಿದ ಪ್ರಶ್ನೆ ಇದು. ವಿಜ್ಞಾನಯುಗ ತಂದೊಡ್ಡಿದ ಪ್ರಶ್ನೆಯೆಂದು ಇದನ್ನು ತಿಳಿಯುವವರುಂಟು. ಅದು ಸರಿಯಲ್ಲ, ನಾಲ್ಕನೆಯ ಶತಮಾನದ ವಿಶ್ವಾಸಿಗಳೂ ಇದನ್ನೇ ಕೇಳಿದ್ದರು, ಬೈಬಲಿನ ಒಳಗಿನವರೂ ಕೇಳಿದ್ದಾರೆ.

ಕನ್ನಡದಲ್ಲಿ ಇಂಥ ಘಟನೆಗೆ ಎರಡು ಮಾತುಗಳಿವೆ. ಕಥೋಲಿಕರ ಬಾಯಲ್ಲಿ ಹೆಚ್ಚಾಗಿ ಕೇಳುವುದು ‘ಪವಾಡ’. ಕನ್ನಡ ಬೈಬಲಿನಲ್ಲಿ, ಅದರಲ್ಲೂ ಯೋಹಾನನ ಸುವಾರ್ತೆಯಲ್ಲಿ, ‘ಸೂಚಕಕಾರ್ಯ’ ಎಂಬ ಪದವಿದೆ. ಎರಡನೆಯದು ವಿಷಯದ ಹತ್ತಿರಕ್ಕೆ ಕರೆದೊಯ್ಯುತ್ತದೆ. ಸೂಚನೆ ಎಂದರೆ ಬೇರೆ ಏನನ್ನೋ ತೋರಿಸುವುದು. ದಾರಿಯುದ್ದಕ್ಕೂ ಹೆಜ್ಜೆಗೊಂದು ಕೈಮರ ನೆಟ್ಟರೆ ಯಾರೂ ಅದನ್ನು ನೋಡುವುದಿಲ್ಲ. ವಿರಳತೆ ಆ ಪದದ ಅರ್ಥದೊಳಗೇ ಅಡಗಿದೆ.

ಬೈಬಲಿನ ಪುಟಗಳಲ್ಲೂ ಪವಾಡಗಳು ಸಮನಾಗಿ ಹರಡಿಲ್ಲ. ಮೋಶೆಯ ಕಾಲ, ಎಲೀಯ ಮತ್ತು ಎಲೀಷರ ಕಾಲ, ಯೇಸು ಮತ್ತು ಅಪೊಸ್ತಲರ ಕಾಲ, ಈ ಮೂರು ಕಡೆ ಅವು ದಟ್ಟವಾಗಿವೆ. ನಡುವೆ ಹಲವು ತಲೆಮಾರುಗಳು ಬಹುಮಟ್ಟಿಗೆ ಬರಿದಾಗಿ ಸಾಗುತ್ತವೆ. ನ್ಯಾಯಸ್ಥಾಪಕರ ಗ್ರಂಥದ ಗಿದ್ಯೋನ ಮಿದ್ಯಾನ್ಯರ ಕಣ್ಣಿಗೆ ಬೀಳಬಾರದೆಂದು ದ್ರಾಕ್ಷೆಯ ಆಲೆಯಲ್ಲಿ ಕದ್ದುಮುಚ್ಚಿ ಗೋದಿ ಬಡಿಯುತ್ತಿದ್ದಾನೆ. ದೇವದೂತ ಬಂದು ಕರ್ತನು ನಿನ್ನ ಸಂಗಡ ಇದ್ದಾನೆಂದರೆ, ನಮ್ಮ ಹಿರಿಯರು ಹೇಳುತ್ತಿದ್ದ ಆ ಅದ್ಭುತಗಳೆಲ್ಲ ಎಲ್ಲಿ ಹೋದವು ಎಂದು ಅವನು ನೇರವಾಗಿ ಕೇಳುತ್ತಾನೆ. ಇಂದು ಕೇಳಲಾಗುವ ಪ್ರಶ್ನೆಯೂ ಅದೇ. ಸ್ನಾನಿಕ ಯೋಹಾನನಂಥ ದೊಡ್ಡ ಪ್ರವಾದಿ ಒಂದೂ ಸೂಚಕಕಾರ್ಯ ಮಾಡಲಿಲ್ಲವೆಂದು ನಾಲ್ಕನೆಯ ಸುವಾರ್ತೆ ಹೇಳುತ್ತದೆ.

ಈ ಚರ್ಚೆಯ ಚರಿತ್ರೆಯಲ್ಲಿ ಅತ್ಯಂತ ಪ್ರಾಮಾಣಿಕವಾಗಿ ಮನಸ್ಸು ಬದಲಾಯಿಸಿದವನು ಉತ್ತರ ಆಫ್ರಿಕದ ಹಿಪ್ಪೋ ನಗರದ ಬಿಷಪ್ ಸಂತ ಆಗಸ್ಟೀನ್ (354–430). ಸುಮಾರು 390ರಲ್ಲಿ, ಇನ್ನೂ ಪಾದ್ರಿಯಾಗುವ ಮೊದಲು ಬರೆದ ಪುಸ್ತಕದಲ್ಲಿ, ಸಭೆ ಲೋಕವೆಲ್ಲ ಹರಡಿದ ಮೇಲೆ ಪವಾಡಗಳು ಮುಂದುವರಿಯಲಿಲ್ಲ, ಮುಂದುವರಿದಿದ್ದರೆ ಜನ ಕಣ್ಣಿಗೆ ಕಾಣುವುದನ್ನೇ ಹುಡುಕುತ್ತಿದ್ದರು, ರೂಢಿಯಾಗಿ ಅವು ಸಪ್ಪೆಯೂ ಆಗುತ್ತಿದ್ದವು ಎಂದು ವಾದಿಸಿದ್ದ. ಮುಪ್ಪಿನಲ್ಲಿ ತನ್ನ ಬರಹಗಳನ್ನೆಲ್ಲ ಮತ್ತೆ ಓದಿ ತಿದ್ದುವಾಗ ಈ ಮಾತನ್ನೂ ತಿದ್ದಿದ. ‘ದೇವರ ನಗರ’ ಗ್ರಂಥದ 22ನೆಯ ಭಾಗದಲ್ಲಿ ತಾನು ಕಂಡ, ಕೇಳಿ ವಿಚಾರಿಸಿದ ಗುಣವಾಗುವಿಕೆಗಳನ್ನು ಸಾಲಾಗಿ ಬರೆದಿಟ್ಟ. ಸಂತ ಸ್ತೆಫನನ ಅಸ್ಥಿಶೇಷ ಹಿಪ್ಪೋಗೆ ಬಂದು ಎರಡು ವರ್ಷವೂ ತುಂಬದ ಹೊತ್ತಿಗೆ ಅಲ್ಲಿ ಸುಮಾರು 70 ಲಿಖಿತ ಹೇಳಿಕೆಗಳು ಸೇರಿದ್ದವು.

ಅದೇ ಗ್ರಂಥದಲ್ಲಿರುವ ಇನ್ನೊಸೆಂಶಿಯಾಳ ಪ್ರಸಂಗವನ್ನು ಸ್ವಲ್ಪ ನಿಂತು ನೋಡಬೇಕು. ಕಾರ್ಥೇಜಿನ ದೊಡ್ಡ ಮನೆತನದ ಈ ಹೆಂಗಸಿಗೆ ಸ್ತನ ಕ್ಯಾನ್ಸರ್ ಆಗಿತ್ತು. ಇನ್ನಷ್ಟು ದಿನ ಬದುಕಬೇಕಾದರೆ ಚಿಕಿತ್ಸೆ ಮಾಡಿಸದಿರುವುದೇ ಮೇಲು ಎಂದು ಪರಿಚಯದ ವೈದ್ಯ ಹೇಳಿದ್ದ. ಪಾಸ್ಕ ಹಬ್ಬ ಹತ್ತಿರವಾದಾಗ ಅವಳಿಗೆ ಒಂದು ಕನಸು: ದೀಕ್ಷಾಸ್ನಾನ ಪಡೆದು ಮೊದಲು ಹೊರಬರುವ ಹೆಂಗಸಿನಿಂದ ಹುಣ್ಣಿನ ಮೇಲೆ ಶಿಲುಬೆಯ ಗುರುತು ಹಾಕಿಸಿಕೋ. ಹಾಗೆ ಮಾಡಿದಳು, ವಾಸಿಯಾಯಿತು. ಸುದ್ದಿ ಆಗಸ್ಟೀನನ ಕಿವಿಗೆ ಬಿದ್ದಾಗ ಅವನಿಗೆ ಸಿಟ್ಟೇ ಬಂತು. ಇಷ್ಟು ದೊಡ್ಡ ಊರಿನಲ್ಲಿ, ಇಷ್ಟು ಹೆಸರಿನ ಹೆಂಗಸಿಗೆ ಆದದ್ದು ಹೀಗೆ ಮುಚ್ಚಿಹೋಗುವುದೆ? ನಾನು ಸುಮ್ಮನಿರಲಿಲ್ಲ ಎಂದಳು ಅವಳು. ಪಕ್ಕದಲ್ಲಿದ್ದ ಆಪ್ತ ಗೆಳತಿಯರನ್ನು ಕೇಳಿದರೆ ಒಬ್ಬರಿಗೂ ಗೊತ್ತಿಲ್ಲ! ಅಲ್ಲೇ, ಅವರೆಲ್ಲರೆದುರು, ಮೊದಲಿನಿಂದ ಕೊನೆಯವರೆಗೆ ಹೇಳಿಸಿದ. ಈ ಘಟನೆಯನ್ನು ಪವಾಡವೆಂದು ಒಪ್ಪದ ಓದುಗನೂ ಇದರಲ್ಲಿ ಒಂದನ್ನು ಗಮನಿಸಬಹುದು. ನಡೆಯುವುದು ಬೇರೆ, ನಡೆದದ್ದು ಊರಿಗೆ ತಿಳಿಯುವುದು ಬೇರೆ. ‘ವಿರಳ’ ಎನ್ನುವಾಗ ನಾವು ಎಣಿಸುತ್ತಿರುವುದು ಎರಡನೆಯದನ್ನು.

ಪೋಪ್ ಮಹಾ ಗ್ರೆಗೊರಿಯ ವಿವರಣೆ ಬೇಸಾಯದ್ದು: ಎಳೆ ಸಸಿಗೆ ಬೇರು ಹಿಡಿಯುವ ತನಕ ನೀರು ಹೊಯ್ಯುತ್ತೇವೆ, ಆಮೇಲೆ ನಿಲ್ಲಿಸುತ್ತೇವೆ. ಹದಿನಾರನೆಯ ಶತಮಾನದಲ್ಲಿ ಪ್ರಶ್ನೆ ಜಗಳವಾಯಿತು. ನಿಮ್ಮ ಹೊಸ ಬೋಧನೆಗೆ ಪವಾಡದ ಪುರಾವೆ ಎಲ್ಲಿ ಎಂದು ರೋಮನ್ ಪಕ್ಷ ಸುಧಾರಕರನ್ನು ಕೆಣಕಿತು. ನಮ್ಮದು ಹೊಸ ಸುವಾರ್ತೆಯಲ್ಲ, ಅಪೊಸ್ತಲರ ಪವಾಡಗಳೇ ಅದಕ್ಕೆ ಮುದ್ರೆ ಎಂದು ಜಾನ್ ಕ್ಯಾಲ್ವಿನ್ 1536ರ ತನ್ನ ಗ್ರಂಥದ ಮುನ್ನುಡಿಯಲ್ಲಿ ಉತ್ತರ ಕೊಟ್ಟ. ಅಮೆರಿಕದ ಪ್ರಿನ್ಸ್‌ಟನ್ನಿನ ಬೆಂಜಮಿನ್ ವಾರ್ಫೀಲ್ಡ್ 1918ರಲ್ಲಿ ಇದನ್ನು ಕಟ್ಟುನಿಟ್ಟಿನ ಸಿದ್ಧಾಂತ ಮಾಡಿದರು. ಪವಾಡದ ವರಗಳು ಅಪೊಸ್ತಲರ ಗುರುತುಚೀಟಿ, ಅವರೊಂದಿಗೇ ಮುಗಿದವು ಎಂಬುದು ಅವರ ವಾದ. ನಂಬಿಕೆಯ ಹೊರಗಿನಿಂದ ಬಂದ ದೊಡ್ಡ ಆಕ್ಷೇಪ ತತ್ತ್ವಜ್ಞಾನಿ ಡೇವಿಡ್ ಹ್ಯೂಮನದು (1748). ಪವಾಡ ನಡೆದಿರುವುದಕ್ಕಿಂತ ಸಾಕ್ಷಿ ತಪ್ಪಿರುವುದೇ ಯಾವಾಗಲೂ ಹೆಚ್ಚು ಸಂಭವ ಎಂದ ಅವನ ಮಾತಿಗೆ ಈವರೆಗೂ ಉತ್ತರ, ಮರು ಉತ್ತರಗಳು ನಿಂತಿಲ್ಲ.

ಪವಾಡವನ್ನು ಲೆಕ್ಕಕ್ಕೆ ತಂದ ಜಾಗ ಫ್ರಾನ್ಸಿನ ಲೂರ್ದ್. 1858ರಲ್ಲಿ ಬೆರ್ನದೆತ್ ಸುಬಿರೂ ಎಂಬ ಬಡ ಹುಡುಗಿಗೆ ಮಾತೆ ಮರಿಯ 18 ಸಲ ದರ್ಶನವಿತ್ತಳೆಂಬ ಆ ಗುಹೆಯ ಬಳಿ 1883ರಿಂದ ವೈದ್ಯಕೀಯ ಕಚೇರಿಯೊಂದು ಕೆಲಸ ಮಾಡುತ್ತಿದೆ. ಗುಣವಾದೆವೆಂದು ಅಲ್ಲಿ ಹೇಳಿಕೆ ಕೊಟ್ಟವರು 7,000ಕ್ಕೂ ಹೆಚ್ಚು. 2018ರ ಹೊತ್ತಿಗೆ ಬಿಷಪರುಗಳು ಪವಾಡವೆಂದು ಒಪ್ಪಿದ್ದು 70. ಅಳತೆಗೋಲು ಹದಿನೆಂಟನೆಯ ಶತಮಾನದ ಪ್ರೋಸ್ಪೆರೊ ಲಂಬೆರ್ತಿನಿ (ಮುಂದೆ ಪೋಪ್ 14ನೆಯ ಬೆನೆಡಿಕ್ಟ್) ರೂಪಿಸಿದ್ದು: ಕಾಯಿಲೆ ತೀವ್ರವಾಗಿರಬೇಕು, ಗುಣ ಥಟ್ಟನೆ ಆಗಬೇಕು, ಪೂರ್ಣವಾಗಬೇಕು, ಮರುಕಳಿಸಬಾರದು, ಔಷಧಿಯ ಫಲವಾಗಿರಬಾರದು. ಕೊನೆಯ ಷರತ್ತನ್ನು ಇಂದಿನ ಕಾಲಕ್ಕಿಟ್ಟು ನೋಡಿ. ಆಸ್ಪತ್ರೆ ಕಾಣದೆ, ಮಾತ್ರೆ ನುಂಗದೆ ಬರುವ ಗಂಭೀರ ರೋಗಿ ಈಗ ಎಷ್ಟು ಜನ? ಕಿಮೋಥೆರಪಿ ಪಡೆದವನು ಅಚ್ಚರಿಯಾಗುವಂತೆ ಗುಣವಾದರೂ ಕಡತ ಅಲ್ಲಿಗೇ ನಿಲ್ಲುವ ಸಂಭವ ಹೆಚ್ಚು. ಅಂಗೀಕೃತ ಪವಾಡಗಳು ಕಡಿಮೆಯಾಗಲು ಇದೊಂದು ಸಾಕಾದ ಕಾರಣ. ದೇವರ ಮೌನವನ್ನು ಇದರಿಂದ ಅಳೆಯಲಾಗದು.

ಅಂಗೀಕಾರಕ್ಕೆ ಹಿಡಿಯುವ ಸಮಯವೂ ಸಣ್ಣದಲ್ಲ. ಲಿವರ್‌ಪೂಲಿನ ಜಾನ್ ಟ್ರೇನರ್ ಮೊದಲ ಮಹಾಯುದ್ಧದಲ್ಲಿ ಗುಂಡೇಟು ತಿಂದು ಬಲಗೈ ಸ್ವಾಧೀನ ಕಳೆದುಕೊಂಡಿದ್ದ, ಮೂರ್ಛೆರೋಗವೂ ಅಂಟಿಕೊಂಡಿತ್ತು. 1923ರಲ್ಲಿ ಲೂರ್ದ್‌ನಲ್ಲಿ ಗುಣವಾದ, ಊರಿಗೆ ಮರಳಿ ಕಲ್ಲಿದ್ದಲಿನ ವ್ಯಾಪಾರ ಮಾಡಿದ, 1943ರಲ್ಲಿ ತೀರಿಕೊಂಡ. ಆ ಗುಣವಾಗುವಿಕೆಯನ್ನು 71ನೆಯ ಪವಾಡವೆಂದು ಘೋಷಿಸಿದ್ದು 2024ರ ಡಿಸೆಂಬರಿನಲ್ಲಿ.

ಪ್ರಯೋಗದಿಂದ ಉತ್ತರ ಹುಡುಕಿದವರೂ ಇದ್ದಾರೆ. ಅಮೆರಿಕದ ಹರ್ಬರ್ಟ್ ಬೆನ್ಸನ್ ತಂಡ 6 ಆಸ್ಪತ್ರೆಗಳಲ್ಲಿ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಗೊಳಗಾದ 1,802 ರೋಗಿಗಳ ಅಧ್ಯಯನವನ್ನು 2006ರಲ್ಲಿ ಪ್ರಕಟಿಸಿತು. ತಮಗಾಗಿ ಪ್ರಾರ್ಥನೆ ನಡೆದೀತೋ ಇಲ್ಲವೋ ತಿಳಿಯದ ಎರಡು ಗುಂಪುಗಳಲ್ಲಿ, ಪ್ರಾರ್ಥನೆ ಸಿಕ್ಕವರಲ್ಲಿ ಶೇ. 52, ಸಿಗದವರಲ್ಲಿ ಶೇ. 51 ಮಂದಿಗೆ ತೊಡಕುಗಳಾದವು. ಪ್ರಾರ್ಥನೆ ನಡೆಯುತ್ತಿದೆಯೆಂದು ಖಚಿತವಾಗಿ ತಿಳಿದಿದ್ದವರಲ್ಲಿ ಅದು ಶೇ. 59. ಕೇಳಿಕೆಯನ್ನು ಔಷಧದ ಪ್ರಮಾಣದಂತೆ ಅಳೆಯಬಹುದೆಂಬ ಊಹೆಯನ್ನೇ ಹಲವು ದೇವಶಾಸ್ತ್ರಜ್ಞರು ಒಪ್ಪುವುದಿಲ್ಲ. ಆದರೂ ಪ್ರಾರ್ಥನೆಯ ಹೆಸರಿನಲ್ಲಿ ಭರವಸೆಗಳನ್ನು ಹಂಚುವವರು ಈ ಅಂಕಿಗಳನ್ನು ನೋಡಿಕೊಳ್ಳುವುದು ಒಳ್ಳೆಯದು.

ವಿರಳತೆಯೆಂಬ ಮಾತನ್ನೇ ಒಪ್ಪದವರು ಪೆಂತೆಕೋಸ್ತ್ ಸಭೆಯವರು. ಲಾಸ್ ಏಂಜಲೀಸಿನ ಅಜೂಸಾ ಬೀದಿಯಲ್ಲಿ 1906ರಲ್ಲಿ ಕರಿಯ ಬೋಧಕ ವಿಲಿಯಂ ಸೆಮೂರ್ ನಡೆಸಿದ ಕೂಟಗಳಿಂದ ಈ ಚಳವಳಿ ಲೋಕಕ್ಕೆ ಹಬ್ಬಿತು. ಅದಕ್ಕೂ ಒಂದು ವರ್ಷ ಮೊದಲೇ ಪುಣೆಯ ಬಳಿಯ ಕೇಡಗಾಂವ್‌ನಲ್ಲಿ, ಪಂಡಿತಾ ರಮಾಬಾಯಿಯವರ ಮುಕ್ತಿ ಮಿಷನ್ನಿನ ವಿಧವೆಯರು ಮತ್ತು ಅನಾಥ ಹುಡುಗಿಯರ ನಡುವೆ ಇಂಥದೇ ಉಜ್ಜೀವನ ಎದ್ದಿತ್ತು. ಪೆಂತೆಕೋಸ್ತ್ ಸಭೆಗಳಲ್ಲಿ ವಿಶ್ವಾಸಿಗಳು ಆರಾಧನೆಯ ನಡುವೆ ಎದ್ದು ‘ಸಾಕ್ಷಿ’ ಹೇಳುತ್ತಾರೆ. ಇನ್ನೊಸೆಂಶಿಯಾಳಿಂದ ಆಗಸ್ಟೀನ್ ಬಯಸಿದ್ದು ಅದನ್ನೇ. ಕಥೋಲಿಕರಲ್ಲಿ ಆ ಜಾಗ ಹರಕೆಯದು. ಕಾರ್ಕಳದ ಅತ್ತೂರಿನ ಸಂತ ಲಾರೆನ್ಸ್ ಬಸಿಲಿಕದ ಜನವರಿ ಹಬ್ಬಕ್ಕೆ ಬಂದು ಮೇಣದಬತ್ತಿ ಹಚ್ಚುವವರಲ್ಲಿ ಎಲ್ಲ ಮತದವರಿದ್ದಾರೆ, ಅವರು ಯಾವ ವೈದ್ಯಕೀಯ ಮಂಡಳಿಯ ಅಂಗೀಕಾರಕ್ಕೂ ಕಾಯುವುದಿಲ್ಲ. 1681ರಿಂದ 1684ರವರೆಗೆ ಕೆನರಾದಲ್ಲಿ ದುಡಿದ, ಮುಡಿಪು ಬೆಟ್ಟದಲ್ಲಿ ಈಗಲೂ ನೆನೆಯಲಾಗುವ ಜೋಸೆಫ್ ವಾಜ್ 2015ರಲ್ಲಿ ಸಂತರಾದಾಗ, ನಿಯಮದಂತೆ ಬೇಕಿದ್ದ ಎರಡನೆಯ ಪವಾಡವನ್ನು ಪೋಪ್ ಫ್ರಾನ್ಸಿಸ್ ಮನ್ನಾ ಮಾಡಿದರು.

ಚರ್ಚೆ ನಿಜವಾಗಿ ನೋಯಿಸುವುದು ಗುಣವಾಗದವರನ್ನು. ನಿನ್ನ ನಂಬಿಕೆ ಸಾಲದು ಎಂದು ರೋಗಿಗೇ ಹೇಳಿ ಕಳಿಸುವ ಕ್ರಮ ಕೆಲವು ಸ್ವಸ್ಥತಾ ಕೂಟಗಳಲ್ಲಿದೆ. ನಜರೇತಿನಲ್ಲಿ ಜನರ ಅಪನಂಬಿಕೆಯಿಂದ ಯೇಸು ಹೆಚ್ಚು ಮಹತ್ಕಾರ್ಯ ಮಾಡಲಾಗಲಿಲ್ಲವೆಂಬ ಮಾರ್ಕನ ಮಾತನ್ನು ಇದಕ್ಕೆ ಆಧಾರ ಮಾಡುತ್ತಾರೆ. ಕಾಯಿಲೆಯ ಜೊತೆಗೆ ಅಪರಾಧವನ್ನೂ ಹೊರಿಸುವ ಈ ಕ್ರಮ ಕ್ರೂರವಾದದ್ದು, ಹೊಸ ಒಡಂಬಡಿಕೆಗೂ ಹೊಂದದ್ದು. ಎಫೆಸದಲ್ಲಿ ಪೌಲನ ಮೈಗೆ ತಾಕಿದ ಕೈವಸ್ತ್ರಗಳಿಂದಲೇ ರೋಗಗಳು ಬಿಟ್ಟುಹೋಗುತ್ತಿದ್ದವೆಂದು ಅಪೊಸ್ತಲರ ಕೃತ್ಯಗಳು ಹೇಳುತ್ತದೆ. ಅದೇ ಎಫೆಸದ ತ್ರೊಫಿಮ ಪೌಲನ ಜೊತೆ ಊರೂರು ಅಲೆದವನು. ಅವನು ಕಾಯಿಲೆ ಬಿದ್ದಾಗ ಮಿಲೇತದಲ್ಲಿ ಬಿಟ್ಟುಬಂದೆನೆಂದು ತಿಮೊಥೆಗೆ ಬರೆದ ಎರಡನೆಯ ಪತ್ರದ ಕೊನೆಯಲ್ಲಿ, ಪ್ರಯಾಣದ ಸುದ್ದಿಗಳ ನಡುವೆ, ಒಂದೇ ಮಾತು ಇದೆ. ಅವನ ನಂಬಿಕೆಯ ಬಗ್ಗೆ ಅಲ್ಲಿ ಏನೂ ಬರೆದಿಲ್ಲ.