ಕೋರ್ಟಲ್ಲಿ ಸೋತು ಚಿಮಣಿಯಲ್ಲಿ ಗೆದ್ದ ನಿಯಮ

ಒಂದು ಟನ್ ಕಲ್ಲಿದ್ದಲಿನಲ್ಲಿ ಪಾದರಸ ಇರೋದು ಸುಮಾರು ಒಂದು ಗ್ರಾಮಿನ ಹತ್ತನೇ ಒಂದು ಭಾಗ. ಇಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸ್ಕೋಬೇಕು ಅನ್ಸುತ್ತೆ. ಆದರೆ ವಿದ್ಯುತ್ ಸ್ಥಾವರಗಳಿಗೆ ಕಲ್ಲಿದ್ದಲು ಬರೋದು ರೈಲು ರೈಲು. 1999ರಲ್ಲಿ ಅಮೆರಿಕದ ಸ್ಥಾವರಗಳು ಗಾಳಿಗೆ ಬಿಟ್ಟ ಪಾದರಸ ಸುಮಾರು 48 ಟನ್. ಬೆಂಕಿಯಲ್ಲಿ ಅದು ಆವಿಯಾಗಿ, ಬೂದಿ ಹಿಡಿಯೋ ಯಂತ್ರಕ್ಕೆ ಪೂರ್ತಿ ಸಿಗದೆ ಹೊರಗೆ ಹೋಗುತ್ತೆ, ಮಳೆ ಜೊತೆ ಕೆರೆಗೆ ಇಳಿಯುತ್ತೆ. ಕೆಸರಿನ ಬ್ಯಾಕ್ಟೀರಿಯಾಗಳು ಅದನ್ನ ಮೀಥೈಲ್ ಮರ್ಕ್ಯುರಿ ಮಾಡುತ್ತವೆ. ಅಲ್ಲಿಂದ ಸಣ್ಣ ಮೀನು, ದೊಡ್ಡ ಮೀನು, ಆ ಮೀನು ತಿಂದ ಬಸುರಿ. ಪೆಟ್ಟು ಬೀಳೋದು ಹೊಟ್ಟೆಯಲ್ಲಿರೋ ಮಗುವಿನ ಮೆದುಳಿಗೆ.

ಅಮೆರಿಕದ ಸಂಸತ್ತು 1990ರಲ್ಲಿ ವಾಯು ಕಾಯ್ದೆಗೆ ತಿದ್ದುಪಡಿ ತಂದಾಗ, ಸ್ಥಾವರಗಳ ಬಗ್ಗೆ ಮೊದಲು ಅಧ್ಯಯನ ಮಾಡಿ ಅಂತ ಪರಿಸರ ಸಂಸ್ಥೆ ಇಪಿಎಗೆ ಹೇಳಿತು. ನಿಯಂತ್ರಣ ಬೇಕು ಅಂತ ಇಪಿಎ ಹೇಳೋ ಹೊತ್ತಿಗೆ ಡಿಸೆಂಬರ್ 2000. ಬುಷ್ ಸರ್ಕಾರ 2005ರಲ್ಲಿ ಪಾದರಸಕ್ಕೆ ಕೋಟಾ ಮಾರುಕಟ್ಟೆ ಮಾಡಿತು: ಕಡಿಮೆ ಉಗುಳಿದವನು ಉಳಿದ ಪಾಲನ್ನ ಜಾಸ್ತಿ ಉಗುಳುವವನಿಗೆ ಮಾರಬಹುದು. ಕೊಂಡವನ ಪಕ್ಕದ ಕೆರೆ ಗತಿ? 2008ರಲ್ಲಿ ಕೋರ್ಟು ಅದನ್ನ ರದ್ದು ಮಾಡಿತು.

ಒಬಾಮಾ ಕಾಲದ ನಿಯಮ ಬಂದಿದ್ದು ಡಿಸೆಂಬರ್ 2011ರಲ್ಲಿ. ತಂತ್ರಜ್ಞಾನ ಸರಳವೇ. ಹೊಗೆಯೊಳಗೆ ಸಕ್ರಿಯ ಇದ್ದಿಲಿನ ಪುಡಿ ತೂರಿದರೆ ಪಾದರಸ ಅದಕ್ಕೆ ಅಂಟಿಕೊಳ್ಳುತ್ತೆ, ಆಮೇಲೆ ಬೂದಿ ಜೊತೆ ಹಿಡಿದರಾಯ್ತು. ಜಗಳ ಲೆಕ್ಕದ್ದು. ಇಪಿಎ ತಾನೇ ಹಾಕಿದ ಲೆಕ್ಕದಲ್ಲಿ ವರ್ಷದ ಖರ್ಚು 960 ಕೋಟಿ ಡಾಲರ್, ಪಾದರಸ ಕಡಿಮೆಯಾಗಿ ಬರೋ ಲಾಭ ಬರೀ 40ರಿಂದ 60 ಲಕ್ಷ ಡಾಲರ್. ನಾನು ಸೊನ್ನೆಗಳನ್ನ ಎರಡು ಸಲ ಎಣಿಸಿದೆ.

ಈ 60 ಲಕ್ಷ ಹುಟ್ಟಿದ್ದು ಹೇಗೆ ನೋಡಿ. ಹವ್ಯಾಸಕ್ಕೆ ಕೆರೆ-ಹೊಳೆಗಳಲ್ಲಿ ಗಾಳ ಹಾಕೋ ಮನೆಗಳಲ್ಲಿ ಹುಟ್ಟೋ ಮಕ್ಕಳ ಐಕ್ಯೂ ಎಷ್ಟು ಇಳಿಯುತ್ತೆ, ಅದರಿಂದ ಅವರ ಜೀವಮಾನದ ಸಂಪಾದನೆ ಎಷ್ಟು ಕಮ್ಮಿಯಾಗುತ್ತೆ, ಅಷ್ಟೇ. ಸಮುದ್ರದ ಮೀನು, ದೊಡ್ಡವರ ಹೃದಯ, ಇವಕ್ಕೆ ಬೆಲೆ ಕಟ್ಟೋಕಾಗಲಿಲ್ಲ, ಹಾಗಾಗಿ ಕಾಲಮ್ಮು ಖಾಲಿ. ಡೇಟಾಬೇಸ್ ಜೊತೆ ಏಗೋ ನಮ್ಮಂಥವರಿಗೆ ನಲ್ ಬೇರೆ, ಸೊನ್ನೆ ಬೇರೆ ಅಂತ ಗೊತ್ತು. ವಾದ ಮಾಡಿದವರು ಅದನ್ನ ಸೊನ್ನೆ ಅಂತಲೇ ಓದಿದರು. ಪಾದರಸದ ಜೊತೆಗೇ ಹೊಗೆಯ ಸೂಕ್ಷ್ಮ ಕಣಗಳೂ ಕಡಿಮೆಯಾಗಿ ಬರೋ ಲಾಭ 3,700ರಿಂದ 9,000 ಕೋಟಿ ಡಾಲರ್ ಅಂತ ಅದೇ ವರದಿಯಲ್ಲಿತ್ತು.

ಜೂನ್ 2015ರಲ್ಲಿ ಸುಪ್ರೀಂ ಕೋರ್ಟ್ 5-4ರಲ್ಲಿ ತೀರ್ಪು ಕೊಟ್ಟಿತು: ನಿಯಂತ್ರಣ ಬೇಕೋ ಬೇಡವೋ ಅಂತ ತೀರ್ಮಾನಿಸುವಾಗಲೇ ಖರ್ಚು ನೋಡಬೇಕಿತ್ತು. ಇಪಿಎ ಸೋತಿತು. ಆದರೆ ಗಡುವು ಏಪ್ರಿಲ್‌ನಲ್ಲೇ ಬಂದುಹೋಗಿತ್ತು! ಬಹಳಷ್ಟು ಕಂಪನಿಗಳು ಯಂತ್ರ ಕೂರಿಸಿಯಾಗಿತ್ತು, ಕೆಲವು ಹಳೇ ಸ್ಥಾವರಗಳನ್ನ ಮುಚ್ಚಿಯೂ ಆಗಿತ್ತು. 2010ಕ್ಕೆ ಹೋಲಿಸಿದರೆ 2017ರಲ್ಲಿ ಸ್ಥಾವರಗಳ ಪಾದರಸ ಶೇ. 80ಕ್ಕೂ ಹೆಚ್ಚು ಇಳಿದಿತ್ತು.

ಅದೇ 2015ರ ಡಿಸೆಂಬರ್‌ನಲ್ಲಿ ನಮ್ಮ ಕೇಂದ್ರ ಪರಿಸರ ಸಚಿವಾಲಯವೂ ಮಿತಿ ಹಾಕಿತು: ಒಂದು ಘನ ಮೀಟರ್ ಹೊಗೆಗೆ 0.03 ಮಿಲಿಗ್ರಾಂ ಪಾದರಸ. ಎರಡು ವರ್ಷ ಅಂದಿದ್ದ ಗಡುವು ಮುಂದೆ ಹೋಗ್ತಾ ಹೋಯ್ತು, ಅದಿರಲಿ. ಅಧಿಸೂಚನೆಯಲ್ಲಿ ಒಂದು ಸಾಲಿದೆ. 2003ರ ಕೊನೆಗೂ ಹಿಂದಿನ ಘಟಕಗಳಾದರೆ, 500 ಮೆಗಾವಾಟ್ ಮತ್ತು ಅದಕ್ಕಿಂತ ದೊಡ್ಡವಕ್ಕೆ ಮಾತ್ರ ಈ ಮಿತಿ. ರಾಯಚೂರಿನ ಶಕ್ತಿನಗರದಲ್ಲಿ, ಕೃಷ್ಣೆಯ ದಡದಲ್ಲಿ, 1985ರಿಂದ 2002ರವರೆಗೆ ಶುರುವಾದ ಘಟಕಗಳು ಏಳು. ಏಳೂ 210 ಮೆಗಾವಾಟಿನವು. ಆ ಸಾಲಿನ ಪ್ರಕಾರ ಮಿತಿಯೊಳಗೆ ಬರೋದು ಆಮೇಲೆ ಕಟ್ಟಿದ ಎಂಟನೆಯದೊಂದೇ.