ಸೇಂಟ್ ಆಂಡ್ರ್ಯೂಸ್ ಗೋಮಾಳದ ಹದಿನೆಂಟು ಕುಳಿಗಳು: ಯಾವುದನ್ನು ಹೇಗೆ ಆಡಬೇಕು?

ವಾಡಿ: ಟೋಕಿಯೊ ಒಲಿಂಪಿಕ್ಸ್‌ನ ಗಾಲ್ಫ್ ಸ್ಪರ್ಧೆಯಲ್ಲಿ (2021) ಬೆಂಗಳೂರಿನ ಅದಿತಿ ಅಶೋಕ್ ನಾಲ್ಕನೆಯ ಸ್ಥಾನ ಪಡೆದು ಕೂದಲೆಳೆಯಷ್ಟು ಅಂತರದಲ್ಲಿ ಪದಕ ಕಳೆದುಕೊಂಡ ದಿನ, ಅದುವರೆಗೆ ಈ ಆಟದತ್ತ ಕಣ್ಣೆತ್ತಿಯೂ ನೋಡದಿದ್ದ ಅನೇಕರು ದೂರದರ್ಶನದ ಮುಂದೆ ಕುಳಿತಿದ್ದರು. ಗಾಲ್ಫ್ ಎಂದರೆ ಬೇಲಿಯೊಳಗಿನ ಸಿರಿವಂತರ ಆಟವೆಂಬುದು ನಮ್ಮಲ್ಲಿ ಬೇರೂರಿದ ಭಾವನೆ. ಆದರೆ ಈ ಆಟದ ತವರೆನಿಸಿದ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ಪಟ್ಟಣದ 'ಓಲ್ಡ್ ಕೋರ್ಸ್' ಯಾವ ಕ್ಲಬ್ಬಿನ ಸ್ವತ್ತೂ ಅಲ್ಲ. ಅದು ನಮ್ಮ ಊರುಗಳ ಗೋಮಾಳದಂತೆ ಪಟ್ಟಣದ ಸಾರ್ವಜನಿಕ ಭೂಮಿ. 2027ರ ಓಪನ್ ಪಂದ್ಯಾವಳಿ ಅಲ್ಲಿಯೇ ನಿಗದಿಯಾಗಿರುವುದರಿಂದ, ಮೈದಾನದ ಪ್ರತಿಯೊಂದು ಕುಳಿಯನ್ನೂ ಆಡುವ ಬಗೆಯನ್ನು ಓದುಗರಿಗಾಗಿ ಇಲ್ಲಿ ವಿವರಿಸಲಾಗಿದೆ.

ಮೊದಲು ತಿಳಿಯಬೇಕಾದದ್ದು

ನುರಿತ ಆಟಗಾರನೊಬ್ಬ ಒಂದು ಕುಳಿಯನ್ನು ಎಷ್ಟು ಹೊಡೆತಗಳಲ್ಲಿ ಮುಗಿಸಬೇಕೆಂಬ ಲೆಕ್ಕಕ್ಕೆ 'ಪಾರ್' ಎನ್ನುತ್ತಾರೆ. ಮೊದಲ ಹೊಡೆತದ ಜಾಗ 'ಟೀ'. ಅಲ್ಲಿಂದ ಮುಂದೆ ಚಾಚಿದ ಹುಲ್ಲಿನ ಹಾದಿ 'ಫೇರ್‌ವೇ'. ಕುಳಿಯಿರುವ ನುಣುಪಾದ ಅಂಗಳ 'ಗ್ರೀನ್'. ನಡುವೆ ಕಾಡುವ ಮರಳುಗುಂಡಿಗಳೇ 'ಬಂಕರ್'. ಓಲ್ಡ್ ಕೋರ್ಸಿನಲ್ಲಿ ಇಂಥ ಬಂಕರ್‌ಗಳು ನೂರಕ್ಕೂ ಹೆಚ್ಚಿದ್ದು, ಹಲವಕ್ಕೆ ಸ್ವಂತ ಹೆಸರುಗಳಿವೆ. 2022ರ ಓಪನ್‌ನಲ್ಲಿ ಈ ಮೈದಾನದ ಒಟ್ಟು ಉದ್ದ 7,313 ಗಜ, ಪಾರ್ 72.

ಇಲ್ಲಿನ ನೆಲ ಗಟ್ಟಿ. ಬಿದ್ದ ಚೆಂಡು ನಿಲ್ಲದೆ ಬಹುದೂರ ಉರುಳುತ್ತದೆ. ಹೋಗುವ ಹಾದಿ ಮತ್ತು ಮರಳುವ ಹಾದಿ ಅಕ್ಕಪಕ್ಕದಲ್ಲಿರುವುದರಿಂದ ಹದಿನಾಲ್ಕು ಕುಳಿಗಳು ಎರಡೆರಡರಂತೆ ಒಂದೇ ಗ್ರೀನ್ ಹಂಚಿಕೊಂಡಿವೆ. ಹೀಗೆ ಜೊತೆಯಾದ ಕುಳಿಗಳ ಸಂಖ್ಯೆಗಳನ್ನು ಕೂಡಿಸಿದರೆ ಪ್ರತಿ ಬಾರಿಯೂ 18 ಬರುತ್ತದೆ. ಒಂದು, ಒಂಬತ್ತು, ಹದಿನೇಳು ಮತ್ತು ಹದಿನೆಂಟನೆಯ ಕುಳಿಗಳಿಗೆ ಮಾತ್ರ ಪ್ರತ್ಯೇಕ ಗ್ರೀನ್‌ಗಳಿವೆ. ಈ ರಚನೆಯಿಂದ ಒಂದು ಸೂತ್ರ ಹೊರಡುತ್ತದೆ: ಎಡಕ್ಕೆ ಹೊಡೆದವನಿಗೆ ಬಹುತೇಕ ಅಪಾಯವಿಲ್ಲ, ಬಲಕ್ಕೆ ಹೊಡೆದವನಿಗೆ ಮುಳ್ಳುಪೊದೆ ಅಥವಾ ಗಡಿಯಾಚೆಯ ದಂಡ. ಆದರೆ ಎಡದಿಂದ ಗ್ರೀನ್ ತಲುಪುವುದು ಕಷ್ಟ, ಬಲದಿಂದ ಸುಲಭ. ಎಷ್ಟು ಅಪಾಯ ಕೊಂಡರೆ ಎಷ್ಟು ಲಾಭವೆಂಬ ಈ ಲೆಕ್ಕಾಚಾರವೇ ಓಲ್ಡ್ ಕೋರ್ಸಿನ ಆಟ.

ಹೋಗುವ ಹಾದಿ: 1ರಿಂದ 9

1. ಬರ್ನ್ (ಪಾರ್ 4): ಹದಿನೆಂಟನೆಯದರೊಂದಿಗೆ ಬೆರೆತ ಅತಿ ವಿಶಾಲ ಫೇರ್‌ವೇ. ಎಡಕ್ಕೆ ಗುರಿಯಿಡಿ. ಗ್ರೀನಿಗೆ ಅಂಟಿಕೊಂಡಂತೆ ಸ್ವಿಲ್ಕನ್ ಹಳ್ಳ ಹರಿಯುವುದರಿಂದ ಎರಡನೆಯ ಹೊಡೆತ ತುಸು ಹೆಚ್ಚಾದರೂ ಸರಿ, ಕಡಿಮೆಯಾಗಬಾರದು.

2. ಡೈಕ್ (ಪಾರ್ 4): ಬಲಕ್ಕೆ ಮುಳ್ಳುಪೊದೆ, ಎಡಕ್ಕೆ ಚೀಪ್ಸ್ ಬಂಕರ್. ಇವೆರಡರ ನಡುವೆ ಚೆಂಡು ನಿಲ್ಲಿಸಿದವನಿಗೆ ಗ್ರೀನಿನ ಮುಂದಿನ ದಿಬ್ಬಗಳನ್ನು ತಪ್ಪಿಸುವುದು ಸುಲಭ.

3. ಕಾರ್ಟ್‌ಗೇಟ್ ಔಟ್ (ಪಾರ್ 4): ಗ್ರೀನಿನ ಎಡಭಾಗವನ್ನು ಕಾರ್ಟ್‌ಗೇಟ್ ಬಂಕರ್ ಕಾಯುತ್ತದೆ. ಧೈರ್ಯವಿದ್ದವರು ಬಲಕ್ಕೆ ಆಡಿ ನೇರ ದಾರಿ ಪಡೆಯಬಹುದು.

4. ಜಿಂಜರ್ ಬಿಯರ್ (ಪಾರ್ 4): ಹಿಂದೆ ಇಲ್ಲಿ ಶುಂಠಿಯ ಪಾನೀಯ ಮಾರುತ್ತಿದ್ದ ಗಾಡಿಯಿಂದ ಬಂದ ಹೆಸರು. ನೇರ ಹಾದಿ ಇಕ್ಕಟ್ಟು, ಎಡ ಸುರಕ್ಷಿತ. ಗ್ರೀನಿನ ಮುಂದೆ ದಿಬ್ಬವಿರುವುದರಿಂದ ಚೆಂಡು ಅಡ್ಡದಾರಿ ಹಿಡಿಯದಂತೆ ಎಚ್ಚರ ವಹಿಸಬೇಕು.

5. ಹೋಲ್ ಓ ಕ್ರಾಸ್ ಔಟ್ (ಪಾರ್ 5): ಬಲಕ್ಕೆ ಏಳು ಬಂಕರ್‌ಗಳ ಸಾಲು. ಎಡಕ್ಕೆ ಆಡಿ. ಇಲ್ಲಿನ ಗ್ರೀನ್ ಬಲು ದೊಡ್ಡದು. ಬಾವುಟ ಮುಂದಿದೆಯೋ ಹಿಂದಿದೆಯೋ ಎಂದು ನೋಡದೆ ಹೊಡೆದರೆ ಗ್ರೀನಿನ ಮೇಲೆಯೇ ಮೂರು ಹೊಡೆತ ಖರ್ಚಾಗುತ್ತವೆ.

6. ಹೆದರಿ ಔಟ್ (ಪಾರ್ 4): ಟೀಯಿಂದ ಫೇರ್‌ವೇ ಕಾಣುವುದಿಲ್ಲ. ಎಡಗಡೆ 'ಕಾಫಿನ್ಸ್', ಅಂದರೆ ಶವಪೆಟ್ಟಿಗೆಗಳೆಂಬ ಬಂಕರ್‌ಗಳಿವೆ. ಸೂತ್ರಕ್ಕೆ ಅಪವಾದವಾದ ಕುಳಿ ಇದು.

7. ಹೈ ಔಟ್ (ಪಾರ್ 4): ಈ ಕುಳಿಯ ಹಾದಿಯೂ ಹನ್ನೊಂದನೆಯದರ ಹಾದಿಯೂ ಒಂದನ್ನೊಂದು ದಾಟುತ್ತವೆ. ಹಿಂದೆ ಮುಂದೆ ನೋಡಿ ಹೊಡೆಯಬೇಕು. ಗ್ರೀನಿನ ಮುಂದಿನ ವಿಶಾಲ ಶೆಲ್ ಬಂಕರನ್ನು ದಾಟಿಸುವಷ್ಟು ಹೊಡೆತ ಅಗತ್ಯ.

8. ಷಾರ್ಟ್ (ಪಾರ್ 3): ಕೇವಲ ಎರಡು ಪಾರ್ 3 ಕುಳಿಗಳಲ್ಲಿ ಮೊದಲನೆಯದು. ಮುಂದಿರುವ ಬಂಕರಿಗೆ ಬೀಳುವುದಕ್ಕಿಂತ ಬಾವುಟದ ಹಿಂದೆ ನಿಲ್ಲುವುದು ಲೇಸು.

9. ಎಂಡ್ (ಪಾರ್ 4): ಸಮತಟ್ಟು ಗ್ರೀನ್, ಕಡಿಮೆ ದೂರ. ನಡುದಾರಿಯ ಎರಡು ಬಂಕರ್‌ಗಳನ್ನು ತಪ್ಪಿಸಿದರೆ ಹೊಡೆತ ಉಳಿಸಿಕೊಳ್ಳಲು ಒಳ್ಳೆಯ ಅವಕಾಶ.

ಮರಳುವ ಹಾದಿ: 10ರಿಂದ 18

10. ಬಾಬಿ ಜೋನ್ಸ್ (ಪಾರ್ 4): ಅಮೆರಿಕದ ಪ್ರಸಿದ್ಧ ಆಟಗಾರನ ಹೆಸರು ಹೊತ್ತ ಕುಳಿ. ಬಲಶಾಲಿಗಳು ಒಂದೇ ಹೊಡೆತದಲ್ಲಿ ಗ್ರೀನ್ ಮುಟ್ಟಿಸಬಲ್ಲರು.

11. ಹೈ ಇನ್ (ಪಾರ್ 3): ಎಡಕ್ಕೆ ಹಿಲ್ ಬಂಕರ್, ಬಲಕ್ಕೆ ಸ್ಟ್ರಾತ್ ಬಂಕರ್. ಗ್ರೀನ್ ಹಿಂದಿನಿಂದ ಮುಂದಕ್ಕೆ ಕಡಿದಾಗಿ ಇಳಿಯುತ್ತದೆ. 1921ರ ಓಪನ್‌ನಲ್ಲಿ ಇದೇ ಬಾಬಿ ಜೋನ್ಸ್ ಹಿಲ್ ಬಂಕರಿನಲ್ಲಿ ಸಿಲುಕಿ ಸ್ಪರ್ಧೆಯನ್ನೇ ಕೈಬಿಟ್ಟರು. 1927ರಲ್ಲಿ ಇಲ್ಲಿಗೆ ಮರಳಿ ಓಪನ್ ಗೆದ್ದರು. 1958ರಲ್ಲಿ ಪಟ್ಟಣ ಅವರಿಗೆ ಗೌರವ ಪೌರತ್ವ ನೀಡಿತು. ಚೆಂಡನ್ನು ಬಾವುಟಕ್ಕಿಂತ ಕೆಳಗೆ ನಿಲ್ಲಿಸುವುದೇ ಜಾಣತನ.

12. ಹೆದರಿ ಇನ್ (ಪಾರ್ 4): ಟೀಯಿಂದ ಕಾಣದ ಬಂಕರ್‌ಗಳು ನಡುಹಾದಿಯಲ್ಲಿಯೇ ಅಡಗಿವೆ. ಮೊದಲ ಬಾರಿ ಆಡುವವರು ಕ್ಯಾಡಿಯ ಮಾತು ಕೇಳಬೇಕು.

13. ಹೋಲ್ ಓ ಕ್ರಾಸ್ ಇನ್ (ಪಾರ್ 4): ಕಾಫಿನ್ಸ್ ಮತ್ತೆ ಎದುರಾಗುತ್ತವೆ. ಅವುಗಳ ಎಡಕ್ಕೆ, ಆರನೆಯ ಕುಳಿಯ ಫೇರ್‌ವೇಗೆ ಹೊಡೆದು ಅಲ್ಲಿಂದ ಗ್ರೀನಿನತ್ತ ತಿರುಗುವುದು ರೂಢಿ.

14. ಲಾಂಗ್ (ಪಾರ್ 5): ಆರುನೂರು ಗಜ ಮೀರಿದ ಕುಳಿ. ಬಲಕ್ಕೆ ಗೋಡೆ, ಎಡಕ್ಕೆ 'ಬಿಯರ್ಡೀಸ್' ಬಂಕರ್‌ಗಳು, ಮುಂದೆ 'ಹೆಲ್', ಅಂದರೆ ನರಕವೆಂಬ ಬಂಕರ್. ಎರಡನೆಯ ಹೊಡೆತವನ್ನು ಎಡಕ್ಕೆ, ಐದನೆಯ ಕುಳಿಯ ಹಾದಿಗೆ ತಿರುಗಿಸಿ ನರಕವನ್ನು ಬಳಸಿಕೊಂಡು ಹೋಗಿ. 1995ರಲ್ಲಿ ಜಾಕ್ ನಿಕ್ಲಾಸ್‌ರಂಥ ದಿಗ್ಗಜರೇ ಈ ಬಂಕರಿಗೆ ಬಿದ್ದು, ಕುಳಿ ಮುಗಿಸಲು 10 ಹೊಡೆತ ತೆಗೆದುಕೊಂಡರು.

15. ಕಾರ್ಟ್‌ಗೇಟ್ ಇನ್ (ಪಾರ್ 4): ಎಡಗಡೆಯ ಕಾಟೇಜ್ ಬಂಕರ್ ಬಿಟ್ಟರೆ ಸರಳ ಕುಳಿ. ಗ್ರೀನ್ ಕಣ್ಣಿಗೆ ಕಾಣುವುದಕ್ಕಿಂತ ದೂರವಿದೆಯೆಂಬುದನ್ನು ಮರೆಯಬಾರದು.

16. ಕಾರ್ನರ್ ಆಫ್ ದಿ ಡೈಕ್ (ಪಾರ್ 4): ವಾಡಿ ಜಂಕ್ಷನ್ನಿನ ಓದುಗರಿಗೆ ಆಪ್ತವೆನಿಸುವ ಸ್ಥಳ. 1969ರಲ್ಲಿ ಮುಚ್ಚಿದ ರೈಲುಮಾರ್ಗ ಬಲಗಡೆಯಲ್ಲಿತ್ತು. ರೈಲು ಹೋದರೂ ಗಡಿ ಉಳಿದಿದೆ. ನಡುವಿನ 'ಪ್ರಿನ್ಸಿಪಲ್ಸ್ ನೋಸ್' ಬಂಕರ್‌ಗಳಿಗೂ ಆ ಗಡಿಗೂ ನಡುವಿನ ಕಿರಿದಾದ ಸಂದಿಯಲ್ಲಿ ಹೊಡೆಯುವ ಆಸೆ ಬಿಟ್ಟು ಎಡಕ್ಕೆ ಆಡಿ.

17. ರೋಡ್ (ಪಾರ್ 4): ಜಗತ್ತಿನ ಅತಿ ಕಠಿಣ ಕುಳಿಗಳಲ್ಲೊಂದು. 2022ರಲ್ಲಿ ಇದರ ಉದ್ದ 495 ಗಜ. ಮೊದಲ ಹೊಡೆತ ಹಳೆಯ ರೈಲ್ವೆ ಷೆಡ್‌ಗಳ ಮಾದರಿಯ ಕಟ್ಟಡದ ಮೇಲಿಂದ ಹಾರಬೇಕು. ಗ್ರೀನಿನ ಮುಂದೆ ಆಳವಾದ ರೋಡ್ ಬಂಕರ್, ಹಿಂದೆ ರಸ್ತೆ ಮತ್ತು ಕಲ್ಲುಗೋಡೆ. 1978ರಲ್ಲಿ ಜಪಾನಿನ ಟಾಮಿ ನಕಾಜಿಮಾ ಈ ಬಂಕರಿನಲ್ಲಿ ಸಿಲುಕಿ ಕುಳಿಗೆ 9 ಹೊಡೆತ ತೆತ್ತರು. 1984ರಲ್ಲಿ ಟಾಮ್ ವಾಟ್ಸನ್ ಹೊಡೆದ ಚೆಂಡು ಗೋಡೆಯ ಬುಡ ಸೇರಿತು. ಅಲ್ಲಿಗೆ ಅವರ ಪ್ರಶಸ್ತಿಯ ಆಸೆ ಕಮರಿ, ಸೆವೆ ಬ್ಯಾಲೆಸ್ಟೆರೋಸ್ ವಿಜೇತರಾದರು. 2022ರ ಕೊನೆಯ ದಿನ ಆಸ್ಟ್ರೇಲಿಯಾದ ಕ್ಯಾಮರನ್ ಸ್ಮಿತ್ ಬಂಕರನ್ನು ಹಾರಿಸುವ ಸಾಹಸಕ್ಕೆ ಕೈಹಾಕದೆ, ಪಟರ್‌ನಿಂದ ಚೆಂಡನ್ನು ಅದರ ಅಂಚಿನ ಪಕ್ಕದಲ್ಲಿ ಉರುಳಿಸಿ ಪಾರ್ ಉಳಿಸಿಕೊಂಡರು. ಅವರು ಪ್ರಶಸ್ತಿ ಗೆದ್ದದ್ದು ಒಂದೇ ಹೊಡೆತದ ಅಂತರದಿಂದ. ಸಾಮಾನ್ಯ ಆಟಗಾರರು ಗ್ರೀನಿನ ಮುಂಭಾಗದ ಬಲಮೂಲೆಗೆ ಗುರಿಯಿಡಬೇಕು. ಇಲ್ಲಿ 5 ಹೊಡೆತ ತೆಗೆದುಕೊಂಡರೂ ಅವಮಾನವಲ್ಲ.

18. ಟಾಮ್ ಮಾರಿಸ್ (ಪಾರ್ 4): ಸ್ವಿಲ್ಕನ್ ಹಳ್ಳದ ಪುಟ್ಟ ಕಲ್ಲುಸೇತುವೆ ದಾಟಿ ಊರಿನತ್ತ ನಡೆಯುವ ಕುಳಿ. ಬಲಕ್ಕೆ ರಸ್ತೆಯಿರುವುದರಿಂದ ಎಡಕ್ಕೆ, ಕ್ಲಬ್ ಕಟ್ಟಡದ ಗಡಿಯಾರದತ್ತ ಹೊಡೆಯಿರಿ. ಗ್ರೀನಿನ ಮುಂದಿನ ತಗ್ಗಿನ ಹೆಸರು 'ವ್ಯಾಲಿ ಆಫ್ ಸಿನ್', ಪಾಪದ ಕಣಿವೆ. ಹೊಡೆತ ಕಡಿಮೆಯಾದರೆ ಚೆಂಡು ಅಲ್ಲಿಗೆ ಜಾರುತ್ತದೆ. ಗ್ರೀನ್ ತಲುಪಿದ ಮೇಲೂ ಆತುರ ಸಲ್ಲದು. 1970ರಲ್ಲಿ ಡಗ್ ಸ್ಯಾಂಡರ್ಸ್ ಸುಮಾರು 3 ಅಡಿಯಿಂದ ಗುರಿ ತಪ್ಪಿ, ಮರುದಿನದ ನಿರ್ಣಾಯಕ ಸುತ್ತಿನಲ್ಲಿ ನಿಕ್ಲಾಸ್‌ಗೆ ಸೋತರು.

ಭೂಮಿ ಉಳಿದ ಬಗೆ

ಈ ಹದಿನೆಂಟು ಕುಳಿಗಳು ಉಳಿದುಬಂದದ್ದು ತಾನಾಗಿಯೇ ಅಲ್ಲ. 1552ರ ಸನ್ನದಿನಲ್ಲಿಯೇ ಈ ಬಯಲಿನಲ್ಲಿ ಆಡುವ ಪಟ್ಟಣಿಗರ ಹಕ್ಕು ಮಾನ್ಯವಾಗಿತ್ತು. ಆದರೂ ಹಣದ ಮುಗ್ಗಟ್ಟಿಗೆ ಸಿಲುಕಿದ ಪಟ್ಟಣದ ಆಡಳಿತ 1797ರಲ್ಲಿ ಭೂಮಿಯನ್ನು ಕೈಬಿಟ್ಟಿತು. ಅದು ಮೊಲ ಸಾಕುವವರ ಪಾಲಾಯಿತು. ಆಟಗಾರರಿಗೂ ಅವರಿಗೂ ವರ್ಷಗಟ್ಟಲೆ ವ್ಯಾಜ್ಯ ನಡೆಯಿತು. 1821ರಲ್ಲಿ ಜೇಮ್ಸ್ ಚೀಪ್ ಎಂಬ ಭೂಮಾಲೀಕರು ಅದನ್ನು ಕೊಂಡು ಆಟಕ್ಕೆ ಉಳಿಸಿದರು. ಎರಡನೆಯ ಕುಳಿಯ ಬಂಕರಿಗೆ ಆ ಮನೆತನದ ಹೆಸರೇ ಇದೆ. 1894ರಲ್ಲಿ ಸಂಸತ್ತಿನ ಕಾಯ್ದೆಯ ಮೂಲಕ ಬಯಲು ಮರಳಿ ಪಟ್ಟಣದ ಕೈಸೇರಿತು. 1974ರಿಂದ ಟ್ರಸ್ಟ್ ಒಂದು ಅದನ್ನು ನಿರ್ವಹಿಸುತ್ತಿದೆ.

ಹೊರಗಿನವರೂ ಶುಲ್ಕ ತೆತ್ತು, ಚೀಟಿ ಎತ್ತುವ ಪದ್ಧತಿಯಲ್ಲಿ ಸರದಿ ಪಡೆದು ಆಡಬಹುದು. ದೊಡ್ಡ ಪಂದ್ಯಾವಳಿಗಳ ದಿನಗಳನ್ನು ಬಿಟ್ಟರೆ ಭಾನುವಾರ ಆಟವಿಲ್ಲ. ಅಂದು ಊರಿನವರು ಮಕ್ಕಳು, ನಾಯಿಗಳೊಂದಿಗೆ ಅದೇ ಫೇರ್‌ವೇ ಮೇಲೆ ಅಡ್ಡಾಡುತ್ತಾರೆ. ಗೋಮಾಳ ಒತ್ತುವರಿಯ ಸುದ್ದಿ ನಿತ್ಯವೂ ಬರುವ ನಮ್ಮ ಸೀಮೆಯವರು ಈ ಮೈದಾನದಿಂದ ಕಲಿಯಬೇಕಾದದ್ದು ಹೊಡೆತದ ಬಗೆಯನ್ನಷ್ಟೇ ಅಲ್ಲ. ಊರಿನ ಬಯಲು ಒಮ್ಮೆ ಕೈತಪ್ಪಿದರೆ ಮರಳಿ ಪಡೆಯಲು ಒಂದು ಶತಮಾನವೇ ಬೇಕಾಗಬಹುದೆಂಬುದನ್ನೂ ಅದು ಹೇಳುತ್ತದೆ.