ಬಿಸಿಲು ಕಾಣದ ಹವಳ

ಧಾರವಾಡ ಸೀಮೆಯಲ್ಲಿ ಕರಿಮಣಿಯ ನಡುವೆ ಪೋಣಿಸುವ ಕೆಂಪು ಹವಳ, ಅಸಲಿಯಾಗಿದ್ದರೆ, ಲಕ್ಷದ್ವೀಪದ ದಿಬ್ಬ ಕಟ್ಟಿದ ಹವಳದ ಜಾತಿಯದಲ್ಲ. ಬಿಸಿಲಿನ ನೀರಿನಲ್ಲಿ ದಿಬ್ಬ ಕಟ್ಟುವ ಹವಳ ಮೈಯೊಳಗೆ ಪಾಚಿ ಸಾಕುತ್ತದೆ. ಪಾಚಿ ಬಿಸಿಲಿನಿಂದ ಮಾಡಿದ ಅಡುಗೆಯಲ್ಲಿ ಅದಕ್ಕೂ ಪಾಲು. ಆಭರಣದ ಹವಳಕ್ಕೂ ಆಳದ ಹವಳಗಳಿಗೂ ಆ ಅನುಕೂಲವಿಲ್ಲ. ನೀರಿನೊಡನೆ ಬಂದ ಕಣಗಳನ್ನು, ಸಣ್ಣ ಜೀವಿಗಳನ್ನು ಹಿಡಿದು ತಿನ್ನಬೇಕು. ಜೊತೆಗಿರುವ ಸ್ಪಂಜುಗಳು ನೀರು ಸೋಸಿ ಬದುಕುತ್ತವೆ.

ಆಳದ ಕತ್ತಲಲ್ಲಿ ಜೀವವೇ ಇರದೆಂದು ಒಂದು ಕಾಲಕ್ಕೆ ಪಂಡಿತರು ನಂಬಿದ್ದರು. ಸುಮಾರು 550 ಮೀಟರಿನ ಕೆಳಗೆ ಏನೂ ಇಲ್ಲವೆಂದು 1843ರಲ್ಲಿ ಎಡ್ವರ್ಡ್ ಫೋರ್ಬ್ಸ್ ಅಂದಾಜಿಸಿದ. 1860ರಲ್ಲಿ ಕೆಟ್ಟುಹೋದ ಟೆಲಿಗ್ರಾಫ್ ಕೇಬಲ್ಲನ್ನು ಮೆಡಿಟರೇನಿಯನ್ ತಳದಿಂದ ಎತ್ತಿದಾಗ, ಅದಕ್ಕಿಂತ ಎಷ್ಟೋ ಆಳದಲ್ಲಿದ್ದ ಭಾಗಕ್ಕೂ ಹವಳ ಕಚ್ಚಿಕೊಂಡಿತ್ತು. ತಂತಿಯ ರಿಪೇರಿಗೆ ಹೋದವರು ಪಂಡಿತರ ಲೆಕ್ಕ ತಪ್ಪಿಸಿದರು. 1872–76ರ ಚಾಲೆಂಜರ್ ಹಡಗಿನ ಸಾಗರಶೋಧ ಯಾನದ ನಂತರ ಆ ಮಾತು ಎತ್ತುವವರೇ ಉಳಿಯಲಿಲ್ಲ.

ಭಾರತದ ಸಮುದ್ರಗಳಲ್ಲಿ ಆಳದ ಜೀವಿಗಳನ್ನು ಹುಡುಕುವ ಕೆಲಸ ಆರಂಭಿಸಿದ್ದು ಇನ್ವೆಸ್ಟಿಗೇಟರ್ ಎಂಬ ಸರ್ವೇ ಹಡಗು. 1888ರಲ್ಲಿ ಅದನ್ನು ಹತ್ತಿದ ವೈದ್ಯ ಆಲ್‌ಫ್ರೆಡ್ ಆಲ್ಕಾಕ್, ಬಲೆಗೆ ಬಂದ ಆಳದ ಹವಳಗಳನ್ನು 1898ರಲ್ಲಿ ವಿವರಿಸಿದ. ಗಾಜಿನ ಸ್ಪಂಜುಗಳು ಬರ್ಲಿನ್ನಿನ ತಜ್ಞ ಷುಲ್ಜೆಯ ಪಾಲಿಗೆ ಬಂದವು. ಬಲೆಯ ಕೆಲಸಕ್ಕೆ ಒಂದು ಮಿತಿಯಿದೆ: ಕೊಂಬೆ ಮುರಿದು ಬರುತ್ತದೆ, ಮರ ಹೇಗೆ ನಿಂತಿತ್ತೆಂಬುದು ತಿಳಿಯುವುದಿಲ್ಲ. 1933–34ರಲ್ಲಿ ಮಬಾಹಿಸ್ ಹಡಗು ಅರಬ್ಬಿ ಸಮುದ್ರ ಜಾಲಾಡಿದಾಗ ಕೆಲವು ಕಡೆ ತಳ ಬರಿದಾಗಿಯೇ ಕಂಡಿತು. ಅಲ್ಲಿನ ನಡು ಆಳದಲ್ಲಿ ಆಮ್ಲಜನಕ ತೀರ ಕಮ್ಮಿ.

ಕರ್ನಾಟಕದ ಪಾಲಿನ ಶೋಧ ಅಷ್ಟು ಆಳದ್ದಲ್ಲ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಗವೇಷಣಿ ಹಡಗು ಮಲ್ಪೆಯಿಂದ ಪಶ್ಚಿಮಕ್ಕೆ ಸುಮಾರು 100 ಕಿ.ಮೀ. ದೂರದಲ್ಲಿ ಮುಳುಗಿದ ದಿಬ್ಬವೊಂದನ್ನು ಪತ್ತೆ ಮಾಡಿತು. ಅದರ ನೆತ್ತಿಯೇ ನೀರಿನ ಮೇಲ್ಮೈಯಿಂದ ಸುಮಾರು 40 ಮೀಟರ್ ಕೆಳಗೆ. ಬೆಳಕು ಮಂಕಾಗುವ ಆ ಆಳದಲ್ಲೂ ಜೀವಂತ ಹವಳ ಸಿಕ್ಕಿತು. ಆರ್. ಆರ್. ನಾಯರ್ ಮತ್ತು ಎಸ್. ಝಡ್. ಖಾಸಿಂ 1978ರಲ್ಲಿ ಇದನ್ನು ಪ್ರಕಟಿಸಿದರು. ದಿಬ್ಬಕ್ಕೆ ಹಡಗಿನ ಹೆಸರೇ ಬಂತು. ಅದಕ್ಕೂ ಹೊರಗೆ, ಭೂಖಂಡದ ಅಂಚಿನ ಹತ್ತಿರ, ಹಿಮಯುಗದಲ್ಲಿ ಸಮುದ್ರ ತಗ್ಗಿದ್ದಾಗ ಬೆಳೆದು, ನೀರೇರಿದಾಗ ಮುಳುಗಿ ಸತ್ತ ದಿಬ್ಬಗಳ ಸಾಲಿದೆ.

ಕ್ಯಾಮೆರಾ ಆಳಕ್ಕಿಳಿದ ಮೇಲೆ ನಾರ್ವೆಯ ತೀರದಲ್ಲಿ ಕತ್ತಲ ಹವಳದ ಕಾಡುಗಳೇ ಕಂಡವು. 2002ರಲ್ಲಿ ಪತ್ತೆಯಾದ ರೋಸ್ಟ್ ದಿಬ್ಬ 35 ಕಿ.ಮೀ. ಉದ್ದವಿದೆ. ನಾರ್ವೆಯ ಹವಳದ ಕಾಡುಗಳಲ್ಲಿ ಟ್ರಾಲರ್ ಬಲೆ ಪುಡಿಗಟ್ಟಿದ ಕಡೆಗಳೂ ಚಿತ್ರಕ್ಕೆ ಸಿಕ್ಕವು. ಅದೇ ತೀರದ ಸೂಲಾ ದಿಬ್ಬಕ್ಕೆ 1999ರಲ್ಲೇ ಕಾನೂನಿನ ರಕ್ಷಣೆ ದೊರೆತಿತ್ತು. ಮುರಿದದ್ದು ಮತ್ತೆ ಬೆಳೆಯುವ ಕಾಲ ಮನುಷ್ಯನ ಲೆಕ್ಕದ್ದಲ್ಲ. ಹವಾಯಿಯ ಕಪ್ಪು ಹವಳವೊಂದರ ವಯಸ್ಸು 4,265 ವರ್ಷವೆಂದು 2009ರಲ್ಲಿ ತಿಳಿಯಿತು. ಮೊನೊರಾಫಿಸ್ ಎಂಬ ಸ್ಪಂಜು ಒಂದೇ ಗಾಜಿನ ಕಡ್ಡಿಯನ್ನು ತಳಕ್ಕೆ ನೆಟ್ಟು ನಿಲ್ಲುತ್ತದೆ. ಕಡ್ಡಿ ಮೂರು ಮೀಟರ್‌ವರೆಗೂ ಬೆಳೆಯಬಲ್ಲದು. ಅದನ್ನು ಅಡ್ಡ ಕೊಯ್ದರೆ ಈರುಳ್ಳಿಯಂತೆ ಪದರಗಳು. ಅವುಗಳ ರಾಸಾಯನಿಕ ಅಂಶ ಅಳೆದು, ಒಂದು ಕಡ್ಡಿಗೆ ಸುಮಾರು 11,000 ವರ್ಷವೆಂದು 2012ರಲ್ಲಿ ಅಂದಾಜಿಸಲಾಯಿತು.

ಭಾರತ 2021ರಲ್ಲಿ ಆಳಸಾಗರ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮೂವರನ್ನು 6,000 ಮೀಟರ್ ಆಳಕ್ಕೆ ಒಯ್ಯಬೇಕಾದ ಮತ್ಸ್ಯ-6000 ವಾಹನ ಅದರದೇ ಭಾಗ. ಅದರ ಕ್ಯಾಮೆರಾಕ್ಕೆ ಬಿದ್ದ ಹವಳಕ್ಕೆ ಹೆಸರು ಹೇಳಬೇಕಾದಾಗ ಚಿತ್ರವೊಂದೇ ಸಾಲದು. ಇನ್ವೆಸ್ಟಿಗೇಟರ್ ಕಾಲದಲ್ಲಿ ಜಾಡಿಗೆ ಸೇರಿದ ಮಾದರಿಗಳೊಂದಿಗೆ ಹೋಲಿಸಿ ನೋಡಬೇಕಾಗುತ್ತದೆ.